ಎಡಗಡೆಯ ಕೊಂಡಿ

ರೈಲ್ವೆ ಸ್ಟೇಷನ್ನಿನ ನಾಲ್ಕನೇ ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಪಾರ್ಸೆಲ್ ಆಫೀಸಿಗೂ ಕುಡಿಯುವ ನೀರಿನ ನಲ್ಲಿಗಳಿಗೂ ನಡುವೆ, ಕಳೆದುಹೋದ ಸಾಮಾನುಗಳ ಕಚೇರಿ. ಅದರ ಕೌಂಟರಿನ ಹಿಂದೆ ಇಪ್ಪತ್ತಾರು ವರ್ಷದಿಂದ ಕೂತಿದ್ದ ಹೆಂಗಸಿಗೆ ಸ್ಟೇಷನ್ನಿನವರು ಇಟ್ಟ ಹೆಸರು ಗುರುತಮ್ಮ. ಯಾರೇ ಏದುಸಿರು ಬಿಡುತ್ತ ಬಂದು ಬ್ಯಾಗು ಹೋಯಿತು, ಕೊಡೆ ಹೋಯಿತು ಎಂದರೂ ಅವಳು ಕೇಳುತ್ತಿದ್ದ ಮೊದಲ ಮಾತು, “ಏನಾದ್ರೂ ಗುರುತಿದೆಯಾ?” ಸಂಬಳದ ಚೀಟಿಯಲ್ಲಿ ಬೇರೆ ಹೆಸರೇ ಇತ್ತು. ಆ ಹೆಸರು ಹಿಡಿದು ಯಾರಾದರೂ ಕರೆದರೆ, ಯಾರನ್ನಪ್ಪಾ ಕರೆದದ್ದು ಎಂದು ಅವಳೇ ಹಿಂದೆ ತಿರುಗಿ ನೋಡುತ್ತಿದ್ದಳು.

ಸಾಮಾನು ಕಳೆದುಕೊಂಡವರು ಹೇಗೆ ಮಾತಾಡುತ್ತಾರೆ ಎನ್ನುವುದು ಅವಳಿಗೆ ಅಂಗೈಯ ಗೆರೆಯಷ್ಟು ಪರಿಚಿತ. ಅವರು ಮೊದಲು ಹೇಳುವುದು ಬಣ್ಣ. ಆ ಬಣ್ಣ ಹತ್ತಕ್ಕೆ ನಾಲ್ಕು ಸಲ ತಪ್ಪು. ಹತ್ತು ವರ್ಷ ಹೆಗಲಿಗೆ ಹಾಕಿಕೊಂಡು ತಿರುಗಿದ ಚೀಲ ಕಂದೋ ಕಪ್ಪೋ ಎಂದು ಕೇಳಿದರೆ ಜನ ತಡಬಡಾಯಿಸುತ್ತಾರೆ. ಅದಕ್ಕೇ ಅವಳು ಬಣ್ಣವನ್ನು ಕೊನೆಗಿಡುತ್ತಿದ್ದಳು. “ಯಾವ ಕೈಲಿ ಹಿಡ್ಕೋತಿದ್ರಿ? ಜಿಪ್ ಎಳೆಯುವಾಗ ಎಲ್ಲಿ ಸಿಕ್ಕಿಕೊಳ್ತಿತ್ತು? ಕೆಳಗಿಟ್ರೆ ನೆಟ್ಟಗೆ ನಿಲ್ತಿತ್ತಾ, ವಾಲ್ತಿತ್ತಾ?” ಎಂದು ಕೇಳುತ್ತಿದ್ದಳು. ಕೇಳಿದ ಕೂಡಲೇ ಎದುರಿಗಿದ್ದವರ ಕೈ ತಾನಾಗಿ ಗಾಳಿಯಲ್ಲಿ ಆಡಲು ಶುರುಮಾಡುತ್ತಿತ್ತು, ಇಲ್ಲದ ಜಿಪ್ಪನ್ನು ಎಳೆಯುತ್ತಿತ್ತು, ಇಲ್ಲದ ಪಟ್ಟಿಯನ್ನು ಹೆಗಲಿಗೇರಿಸುತ್ತಿತ್ತು. ಅವಳು ಆ ಕೈಯನ್ನು ನೋಡಿ ಬರೆದುಕೊಳ್ಳುತ್ತಿದ್ದಳು. ಅವಳ ರಿಜಿಸ್ಟರ್ ಓದಿದರೆ ಸಾಮಾನು ಕಣ್ಣಿಗೆ ಕಟ್ಟಿದ ಹಾಗೆ ಇರುತ್ತಿತ್ತು. ತೊಂದರೆ ಏನೆಂದರೆ, ಅದನ್ನು ಓದುವವರು ಯಾರೂ ಇರಲಿಲ್ಲ. ಬೇರೆ ಸ್ಟೇಷನ್ನುಗಳಿಗೆ ಫೋನಿನಲ್ಲಿ ಓದಿ ಹೇಳಿದರೆ ಅತ್ತ ಕಡೆಯವರು “ಹೂಂ ಹೂಂ” ಎಂದು ‘ಕಪ್ಪು ಬ್ಯಾಗ್’ ಎಂದಷ್ಟೇ ಗೀಚಿಕೊಳ್ಳುತ್ತಿದ್ದರು.

ಹೀಗಿರುವಾಗ ಹೊಸ ಮೇಲ್ವಿಚಾರಕ ಬಂದ. ಮೂವತ್ತರ ಆಸುಪಾಸಿನವನು, ಕೆಲಸಕ್ಕೆ ಮುಂಚೆ ಅಂಗಿಯ ತೋಳು ಮಡಚುವ ಅಭ್ಯಾಸದವನು. ಬಂದ ಎರಡನೇ ವಾರವೇ ಕೌಂಟರಿನ ಕಂಪ್ಯೂಟರಿಗೆ ಒಂದು ಹೊಸ ಸೌಲಭ್ಯ ಹಾಕಿಸಿದ. ಏನು ಬೇಕೆಂದು ಮಾತಿನಲ್ಲಿ ಬರೆದರೆ ಅದರ ಚಿತ್ರ ತಾನೇ ಮಾಡಿ ತೋರಿಸುವ ಎಐ.

“ನಮ್ಮ ಭಾಷೇಲೇ ಬರೀರಿ ಮೇಡಂ, ಅದಕ್ಕೆ ಅರ್ಥ ಆಗುತ್ತೆ,” ಎಂದ. “ಚಿತ್ರ ಬಂದ ಮೇಲೆ ಎಲ್ಲ ಸ್ಟೇಷನ್ ಪೋರ್ಟರುಗಳ ಫೋನಿಗೂ ಕಳಿಸೋಣ. ಓದೋಕೆ ಯಾರಿಗೆ ಪುರುಸೊತ್ತಿದೆ? ನೋಡೋಕಾದ್ರೆ ಎಲ್ಲರಿಗೂ ಇದೆ.”

ಗುರುತಮ್ಮನಿಗೆ ಹೊಸದೆಂದರೆ ಹೆದರಿಕೆ ಇರಲಿಲ್ಲ. ಅವಳು ಕುರ್ಚಿ ಮುಂದೆಳೆದುಕೊಂಡು, ಆ ದಿನ ಬೆಳಿಗ್ಗೆ ಒಬ್ಬ ಮುದುಕ ಹೇಳಿಹೋಗಿದ್ದ ಕೊಡೆಯನ್ನು ಟೈಪ್ ಮಾಡಿದಳು: ‘ಕಪ್ಪು ಕೊಡೆ, ಬಾಗಿದ ಮರದ ಹಿಡಿ.’ ಅರ್ಧ ನಿಮಿಷದಲ್ಲಿ ಕೊಡೆ ಬಂತು. ಕೊಡೆಯೆಂದರೆ ಎಂಥ ಕೊಡೆ. ಬಟ್ಟೆ ರೇಷ್ಮೆಯಂತೆ ಹೊಳೆಯುತ್ತಿತ್ತು, ಹಿಡಿಗೆ ಈಗತಾನೇ ಪಾಲಿಷ್ ಹಾಕಿದಂತಿತ್ತು, ಹಿಂದುಗಡೆ ಸಂಜೆಯ ಬೆಳಕು ಬೇರೆ.

“ಇದು ಕಳೆದುಹೋಗಿರೋ ಕೊಡೆ ಅಲ್ಲ ಸಾರ್,” ಎಂದಳು ಅವಳು. “ಇದು ಮದುಮಗ.”

ಮೇಲ್ವಿಚಾರಕ ನಕ್ಕ. ಆದರೆ ಮರುದಿನವೂ ಅದೇ ಕಥೆ. ಸವೆದ ಚೀಲ ಎಂದರೆ ಅಂದವಾಗಿ ಸವೆದ ಚೀಲ ಬರುತ್ತಿತ್ತು. ಹಳೆಯ ಶೂ ಎಂದರೆ ಮ್ಯೂಸಿಯಮ್ಮಿನಲ್ಲಿ ಇಟ್ಟಂಥ ಹಳೆಯ ಶೂ.

ಸಂಜೆ ಡ್ಯೂಟಿ ಮುಗಿಸಿ ಅವಳು ದಿನದಂತೆ ಗಂಡನ ಅಂಗಡಿಗೆ ಹೋದಳು. ಗಂಡ ಕ್ಷೌರಿಕ. ಸ್ಟೇಷನ್ನಿನಿಂದ ಎರಡು ಬೀದಿ ಆಚೆ ಎರಡು ಕುರ್ಚಿಯ ಅಂಗಡಿ. ಕೊನೆಯ ಗಿರಾಕಿ ಎದ್ದು ಹೋಗುವವರೆಗೆ ಇನ್ನೊಂದು ಕುರ್ಚಿಯಲ್ಲಿ ಕೂತು, ಕನ್ನಡಿಯೊಳಗಿನ ಗಂಡನ ಜೊತೆ ಮಾತಾಡುವುದು ಅವಳ ರೂಢಿ. ಕೊಡೆಯ ವಿಷಯ ಹೇಳಿದಳು.

“ನನ್ನ ಹತ್ರಾನೂ ಬರ್ತಾರೆ ಅಂಥ ಚಿತ್ರ ಹಿಡ್ಕೊಂಡು,” ಎಂದ ಗಂಡ, ನೆಲದ ಕೂದಲು ಗುಡಿಸುತ್ತ. “ಫೋನ್ ತೋರ್ಸಿ ಹಿಂಗೇ ಬೇಕು ಅಂತಾರೆ. ನೋಡಿದ್ರೆ ಆ ಕೂದಲು ಯಾವ ತಲೆ ಮೇಲೂ ಹುಟ್ಟಿದ್ದಲ್ಲ. ಬೇರಿಲ್ಲ, ಸುಳಿ ಇಲ್ಲ. ಸುಳಿ ಇಲ್ಲದ ತಲೆ ನೀನು ನೋಡಿದೀಯಾ?”

“ಯಾಕೆ ಹಂಗೆ ಬರುತ್ತೆ ಅಂತೀನಿ.”

“ಅದು ನೋಡಿರೋದೇ ಅಂಗಡಿ ಷೋಕೇಸು. ಮನೇಲಿ ಉಪಯೋಗಿಸಿದ ಸಾಮಾನು ಯಾರು ಫೋಟೋ ತೆಗೆದು ಇಡ್ತಾರೆ? ಅದಕ್ಕೆ ಸಾಮಾನು ಅಂದ್ರೆ ಹೊಸದು ಅಂತಲೇ ಗೊತ್ತು.” ಅವನು ಮೊರದೊಳಕ್ಕೆ ಕೂದಲು ತಳ್ಳಿದ. “ನೀನು ಮೊದಲು ಕೊಡೆ ಅನ್ಬೇಡ. ಮೊದಲು ಏನೇನು ಹಾಳಾಗಿದೆ ಅದನ್ನ ಹೇಳು. ಕೊಡೆ ಆಮೇಲೆ ಹೇಳು.”

ಆ ಮಾತು ಗುರುತಮ್ಮನ ತಲೆಯಲ್ಲಿ ಕೂತಿತು. ಮರುದಿನ ಅದೇ ಕೊಡೆಯನ್ನು ತಿರುಗಿಸಿ ಬರೆದಳು. ‘ಒಂದು ಕಡ್ಡಿ ಮುರಿದು, ಅಲ್ಲಿ ಬಟ್ಟೆ ಜೋತು ಬಿದ್ದಿದೆ. ಬಟ್ಟೆ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದೆ, ಮಡಿಕೆಯಲ್ಲಿ ಮಾತ್ರ ಕಪ್ಪು ಉಳಿದಿದೆ. ಮರದ ಹಿಡಿಯ ಒಳಬದಿ ಬೆರಳು ತಾಗಿ ತಾಗಿ ತಿಳಿಯಾಗಿದೆ. ಸಿಮೆಂಟ್ ಬೆಂಚಿನ ಮೇಲೆ, ಮಧ್ಯಾಹ್ನದ ಬೆಳಕಿನಲ್ಲಿ, ಒಂದು ಕೊಡೆ.’ ಈ ಸಲ ಬಂದದ್ದನ್ನು ನೋಡಿ ಅವಳೇ ಕುರ್ಚಿಯನ್ನು ಇನ್ನಷ್ಟು ಮುಂದೆಳೆದುಕೊಂಡಳು. ಆ ಮುದುಕನೇ ಬೆಂಚಿನಿಂದ ಎದ್ದು ನೀರು ಕುಡಿಯಲು ಹೋದ ಹಾಗಿತ್ತು. ಚಿತ್ರ ಎಲ್ಲ ಸ್ಟೇಷನ್ನುಗಳಿಗೆ ಹೋಯಿತು. ಮೂರನೇ ದಿನ, ಹನ್ನೊಂದು ಸ್ಟೇಷನ್ ಆಚೆಯ ಕಸಗುಡಿಸುವ ಹೆಂಗಸು ಆ ಕೊಡೆ ಕಳಿಸಿಕೊಟ್ಟಳು.

ಅಲ್ಲಿಂದ ಮುಂದೆ ಗುರುತಮ್ಮನ ಕೈ ಓಡಿತು. ಯಂತ್ರದ ಸ್ವಭಾವವನ್ನು ಅವಳು ಹೊಸ ಸೊಸೆಯ ಸ್ವಭಾವ ತಿಳಿದುಕೊಳ್ಳುವ ಹಾಗೆ ದಿನದಿನಕ್ಕೆ ತಿಳಿದುಕೊಂಡಳು. ದೊಡ್ಡದು ಚಿಕ್ಕದು ಎಂದರೆ ಅದಕ್ಕೆ ತಿಳಿಯದು, ಎರಡು ಬ್ರೆಡ್ಡಿನಷ್ಟು ಉದ್ದ ಎಂದರೆ ತಿಳಿಯುತ್ತದೆ. ಚೆನ್ನಾಗಿದೆ ಎನ್ನುವ ಮಾತನ್ನು ಅದರ ಮುಂದೆ ಆಡಲೇಬಾರದು, ಆಡಿದರೆ ಹಿಂದುಗಡೆ ಸೂರ್ಯಾಸ್ತ ತಂದು ನಿಲ್ಲಿಸುತ್ತದೆ. ಎಲ್ಲಕ್ಕಿಂತ ಮುಖ್ಯ, ಅದಕ್ಕೆ ‘ಇಲ್ಲ’ ಎನ್ನುವ ಮಾತು ಕೇಳಿಸುವುದೇ ಇಲ್ಲ. ‘ಗುಂಡಿ ಇಲ್ಲದ ಕೋಟು’ ಎಂದರೆ ಕೋಟಿನ ತುಂಬ ಗುಂಡಿ ಹಚ್ಚಿ ಕೊಡುತ್ತಿತ್ತು.

“ನಮ್ಮ ಮನೆಯವರ ಥರಾನೇ,” ಎಂದಳು ಪೋರ್ಟರುಗಳಿಗೆ. “ಉಪ್ಪು ತರಬೇಡಿ ಅಂದ್ರೆ ಉಪ್ಪು ಅನ್ನೋದಷ್ಟೇ ಕೇಳಿಸ್ಕೊಂಡು ಎರಡು ಪ್ಯಾಕೆಟ್ ತರ್ತಾರೆ.”

ಎರಡು ತಿಂಗಳಲ್ಲಿ ನೂರ ಹದಿನಾಲ್ಕು ಸಾಮಾನು ಸಿಕ್ಕವು. ಹಿಂದೆ ವರ್ಷವಿಡೀ ಸಿಗುತ್ತಿದ್ದುದು ಅಷ್ಟೇ. ಮೇಲ್ವಿಚಾರಕ ಹಿಗ್ಗಿದ. ಕೌಂಟರಿನ ಹೊರಗಡೆ ಗೋಡೆಗೆ ದೊಡ್ಡ ಬೋರ್ಡು ಹಾಕಿಸಿದ. ಚಿತ್ರಗಳನ್ನು ಬಣ್ಣದಲ್ಲಿ ಪ್ರಿಂಟ್ ತೆಗೆದು ಅಲ್ಲಿ ಅಂಟಿಸಿದರೆ ಪ್ರಯಾಣಿಕರೂ ನೋಡಿ ಹುಡುಕಿಕೊಡುತ್ತಾರೆ ಎಂಬುದು ಅವನ ವಾದ. ಗುರುತಮ್ಮನಿಗೂ ಅದು ಸರಿಯೆನಿಸಿತು. ನಿಜ ಹೇಳಬೇಕೆಂದರೆ, ತನ್ನ ಚಿತ್ರಗಳ ಮುಂದೆ ಜನ ಚಹಾ ಲೋಟ ಹಿಡಿದು ನಿಲ್ಲುವುದನ್ನು ನೋಡಿ ಅವಳ ಎದೆ ಸ್ವಲ್ಪ ಉಬ್ಬಿತ್ತು. ಇಪ್ಪತ್ತಾರು ವರ್ಷ ಯಾರೂ ಓದದ ರಿಜಿಸ್ಟರ್ ಬರೆದವಳಿಗೆ ಅಷ್ಟು ಉಬ್ಬುವ ಹಕ್ಕೂ ಇತ್ತು.

ಒಂದು ಸೋಮವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಕೌಂಟರಿಗೆ ನಲವತ್ತರ ಒಬ್ಬ ಹೆಂಗಸು ಬಂದಳು. ಅವಳ ಮಾತಿನ ರೀತಿಯೇ ಬೇರೆ. ಮುಖಕ್ಕೆ ಮುಖ ಕೊಟ್ಟು, ತುಟಿಗಳನ್ನು ಪೂರ್ತಿ ತೆರೆದು, ಒಂದೊಂದು ಮಾತನ್ನೂ ಬಿಡಿಸಿ ಇಡುತ್ತಿದ್ದಳು.

“ನನ್ನ ಪೆಟ್ಟಿಗೆ ಹೋಗಿದೆ. ನಾನು ಕಿವಿಯ ಯಂತ್ರ ರಿಪೇರಿ ಮಾಡೋಳು. ಕೇಳಿಸದವರು ಕಿವಿಗೆ ಹಾಕ್ಕೋತಾರಲ್ಲ, ಅದು. ಏಳು ಊರು ತಿರುಗಿ ಕೆಟ್ಟಿರೋದನ್ನ ತಗೊಂಡು ಬರ್ತೀನಿ, ಸರಿ ಮಾಡಿ ವಾಪಸ್ ಕೊಡ್ತೀನಿ. ಪೆಟ್ಟಿಗೇಲಿ ಹತ್ತೊಂಬತ್ತು ಜನರದ್ದಿತ್ತು.” ಅಷ್ಟು ಹೇಳಿ ಅವಳು ಕೌಂಟರಿನ ಅಂಚು ಹಿಡಿದುಕೊಂಡಳು. “ಹತ್ತೊಂಬತ್ತು ಮನೇಲಿ ಈಗ ಯಾರೋ ಒಬ್ಬರು ಸುಮ್ನೆ ಎಲ್ಲರ ಬಾಯಿ ನೋಡ್ತಾ ಕೂತಿದಾರೆ.”

ಗುರುತಮ್ಮ ಅವಳನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದಳು. “ಹೇಳಿ ತಂಗಿ. ಯಾವ ಕೈಲಿ ಹಿಡ್ಕೋತಿದ್ರಿ?”

ಹೆಂಗಸಿನ ಬಲಗೈ ಮುಷ್ಟಿಯಾಯಿತು. ತಗಡಿನ ಪೆಟ್ಟಿಗೆ, ಎರಡು ಬ್ರೆಡ್ಡಿನಷ್ಟು ಉದ್ದ. ಮೇಲೆ ನೀಲಿ ಬಣ್ಣ, ಮುಚ್ಚಳದ ನಡುವೆ ಹೆಬ್ಬೆರಳು ಒತ್ತುವ ಕಡೆ ಬಣ್ಣ ಹೋಗಿ ತಗಡು ಕಾಣುತ್ತದೆ. ಹಿಡಿ ಕೈಗೆ ಒತ್ತದಿರಲೆಂದು ಸೈಕಲ್ ಟ್ಯೂಬು ಸುತ್ತಿದೆ. ಹಿಂದಿನ ಮೂಲೆ ಒಮ್ಮೆ ಮೆಟ್ಟಿಲ ಮೇಲೆ ಬಿದ್ದು ನೆಗ್ಗಿದೆ. ಮುಂದುಗಡೆ ಬಲಗಡೆಗೆ ಒಂದು ಹಿತ್ತಾಳೆಯ ಕೊಂಡಿ. ಎಡಗಡೆಯದು ನಾಲ್ಕು ವರ್ಷದ ಹಿಂದೆಯೇ ಕಿತ್ತುಹೋಗಿದೆ. ಮೊಳೆಯ ಎರಡು ತೂತು ಉಳಿದಿವೆ, ಆ ತೂತಿಗೆ ಶೂ ದಾರ ಪೋಣಿಸಿ ಕಟ್ಟಿದೆ.

“ಇಷ್ಟು ಚೆನ್ನಾಗಿ ಹೇಳೋರು ಅಪರೂಪ,” ಎಂದಳು ಗುರುತಮ್ಮ.

“ನಮ್ಮ ಕೆಲಸದಲ್ಲಿ ಒಂದು ಮಾತು ಎರಡು ಸಲ ಹೇಳೋ ಹಾಗಾದ್ರೆ ಅದು ಸರಿಯಾಗಿ ಹೇಳಿಲ್ಲ ಅಂತ ಅರ್ಥ.”

ಗುರುತಮ್ಮ ಟೈಪ್ ಮಾಡಿದಳು. ಮೊದಲು ಸವೆದದ್ದು, ಆಮೇಲೆ ಪೆಟ್ಟಿಗೆ. ಚಿತ್ರ ಬಂತು. ಸೈಕಲ್ ಟ್ಯೂಬು ಸರಿ, ಹೆಬ್ಬೆರಳಿನ ಗುರುತು ಸರಿ, ನೆಗ್ಗೂ ಸರಿ. ಆದರೆ ಮುಂದುಗಡೆ ಎರಡು ಹಿತ್ತಾಳೆಯ ಕೊಂಡಿಗಳು ಜೋಡಿಯಾಗಿ ಕೂತಿದ್ದವು. ಎಡಗಡೆಯ ಕೊಂಡಿ ಇಲ್ಲ ಎಂದು ಬರೆಯಬಾರದೆಂದು ಅವಳಿಗೆ ಗೊತ್ತಿತ್ತು, ಆದ್ದರಿಂದ ‘ಎಡಗಡೆ ಎರಡು ತೂತು, ಅದರಲ್ಲಿ ಶೂ ದಾರ’ ಎಂದಳು. ಶೂ ದಾರ ಬಂತು, ಕೊಂಡಿಗೆ ಕಟ್ಟಿಕೊಂಡು ಬಂತು. ಇನ್ನೊಂದು ರೀತಿ ಬರೆದಳು. ದಾರ ಹೋಯಿತು, ಕೊಂಡಿ ಉಳಿಯಿತು. ಕೌಂಟರಿನ ಆಚೆ ಐದು ಜನರ ಸಾಲು ಬೆಳೆದಿತ್ತು.

“ಇದಕ್ಕೆ ಜೋಡಿ ಇಲ್ಲದೆ ಸಮಾಧಾನ ಇಲ್ಲ,” ಎಂದು ಕೈಬಿಟ್ಟಳು. “ಇರಲಿ, ಮಿಕ್ಕಿದ್ದೆಲ್ಲ ಸರಿ ಇದೆ. ಪೋರ್ಟರುಗಳಿಗೆ ದಾರದ ವಿಷಯ ಫೋನಲ್ಲಿ ಹೇಳ್ತೀನಿ.”

ಚಿತ್ರ ಎಲ್ಲ ಕಡೆಗೂ ಹೋಯಿತು, ಬೋರ್ಡಿನ ಮೇಲೂ ಹೋಯಿತು. ಒಳಗೆ ಏನಿದೆ ಎಂದು ಬರೆದರೆ ನೋಡಿದವರಿಗೆ ಕನಿಕರ ಬರುತ್ತದೆ ಎಂದ ಮೇಲ್ವಿಚಾರಕ. ಗುರುತಮ್ಮ ಒಂದು ಗಳಿಗೆ ಯೋಚಿಸಿ, ಚಿತ್ರದ ಕೆಳಗೆ ತನ್ನ ಕೈಯಾರೆ ಬರೆದಳು: ‘ಹತ್ತೊಂಬತ್ತು ಜನರ ಕಿವಿಯ ಯಂತ್ರಗಳಿವೆ. ದಯವಿಟ್ಟು ತಲುಪಿಸಿ.’

ಪೆಟ್ಟಿಗೆ ಸಿಕ್ಕಿದ್ದು ಬುಧವಾರ ಸಂಜೆ, ಕೊನೆಯ ಸ್ಟೇಷನ್ನಿನ ಯಾರ್ಡಿನಲ್ಲಿ ತೊಳೆಯಲು ನಿಲ್ಲಿಸಿದ್ದ ಬೋಗಿಯ ಸೀಟಿನ ಅಡಿ. ಗುರುವಾರ ಬೆಳಗಿನ ಗಾಡಿಯಲ್ಲಿ ಅದು ಬಂದು, ಗುರುತಮ್ಮನ ಹಿಂದಿನ ಕೋಣೆಯ ಕಬ್ಬಿಣದ ಬೀರುವಿನೊಳಗೆ ಕೂತಿತು. ಅವಳು ಬಾಗಿ ನೋಡಿದಳು. ಎರಡು ತೂತು, ಮಾಸಿದ ಕಂದು ಶೂ ದಾರ, ಎರಡು ಗಂಟು. ರಿಪೇರಿಯ ಹೆಂಗಸಿಗೆ ಫೋನ್ ಮಾಡಿದಳು. “ಒಂದೂ ಹತ್ತರ ಗಾಡಿಗೆ ಬರ್ತೀನಿ ಅಕ್ಕಾ,” ಎಂದಳು ಅವಳು.

ಹನ್ನೆರಡಕ್ಕೆ ಗುರುತಮ್ಮ ಊಟಕ್ಕೆ ಎದ್ದಳು. ಹಿಂದಿನ ಕೋಣೆಯಲ್ಲಿ ಡಬ್ಬಿ ಬಿಚ್ಚುವಷ್ಟರಲ್ಲಿ ಕೌಂಟರಿನಲ್ಲಿ ಮಾತು ಕೇಳಿಸಿತು. ಅವಳ ಜಾಗದಲ್ಲಿ ಮೇಲ್ವಿಚಾರಕ ಕೂತಿದ್ದ. ಎದುರಿಗೆ ಇಸ್ತ್ರಿ ಅಂಗಿಯ, ಹಿತವಾಗಿ ಮಾತಾಡುವ ಒಬ್ಬ ಗಂಡಸು.

“ಆ ನೀಲಿ ಪೆಟ್ಟಿಗೆ ನಮ್ಮಕ್ಕಂದು ಸಾರ್. ಅವಳಿಗೆ ಜ್ವರ, ನನ್ನ ಕಳ್ಸಿದಾಳೆ. ಸಿಕ್ಕಿದೆಯಾ ಅಂತ ವಿಚಾರಿಸಿಕೊಂಡು ಹೋಗೋಣ ಅಂತ ಬಂದೆ. ಹತ್ತೊಂಬತ್ತು ಯಂತ್ರ ಇದೆ ನೋಡಿ ಅದರಲ್ಲಿ. ಪಾಪ, ವಯಸ್ಸಾದವರದ್ದು.”

“ಸಿಕ್ಕಿದೆ, ಸಿಕ್ಕಿದೆ,” ಎಂದ ಮೇಲ್ವಿಚಾರಕ ಉಮೇದಿನಿಂದ. “ಗುರುತು ಹೇಳಿಬಿಡಿ, ಕೊಟ್ಟುಬಿಡ್ತೀವಿ.”

ಗಂಡಸು ಹೇಳಿದ. ನೀಲಿ ಬಣ್ಣ, ಮುಚ್ಚಳದ ನಡುವೆ ಸವೆದದ್ದು, ಹಿಡಿಗೆ ಸೈಕಲ್ ಟ್ಯೂಬು, ಹಿಂದಿನ ಮೂಲೆಯಲ್ಲಿ ನೆಗ್ಗು. ಎಲ್ಲೂ ತಡವರಿಸಲಿಲ್ಲ. ಬಾಯಿಪಾಠ ಒಪ್ಪಿಸಿದ ಹಾಗೆ ಮೇಲಿನಿಂದ ಕೆಳಕ್ಕೆ ಹೇಳಿ ಮುಗಿಸಿದ.

ಗುರುತಮ್ಮನ ಕೈ ಡಬ್ಬಿಯ ಮುಚ್ಚಳದ ಮೇಲೆ ನಿಂತಿತು. ಹೀಗೆ ಯಾರೂ ಹೇಳುವುದಿಲ್ಲ. ತಮ್ಮ ಸಾಮಾನಿನ ಗುರುತು ಹೇಳುವವರು ಒಂದು ಹೇಳಿ ಇನ್ನೊಂದಕ್ಕೆ ಹಾರುತ್ತಾರೆ, ಅಲ್ಲ ಅಲ್ಲ ಎನ್ನುತ್ತಾರೆ, ಅವರ ಕೈ ಆಡುತ್ತದೆ. ಈ ಮನುಷ್ಯನ ಎರಡು ಕೈಯೂ ಕೌಂಟರಿನ ಮೇಲೆ ಅಲ್ಲಾಡದೆ ಬಿದ್ದಿದ್ದವು. ಆಗ ಅವಳಿಗೆ ಹೊಳೆಯಿತು. ಇಪ್ಪತ್ತಾರು ವರ್ಷ ಯಾವ ಗುರುತುಗಳನ್ನು ರಿಜಿಸ್ಟರಿನೊಳಗೆ ಮುಚ್ಚಿಟ್ಟು, ಬಂದವರನ್ನು ಅವುಗಳಿಂದಲೇ ಒರೆಗೆ ಹಚ್ಚುತ್ತಿದ್ದಳೋ, ಅವನ್ನೆಲ್ಲ ತಾನೇ ಬಣ್ಣದಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದಳು. ಪರೀಕ್ಷೆಯ ಪ್ರಶ್ನೆಯ ಜೊತೆಗೇ ಉತ್ತರವನ್ನೂ ಹಂಚಿದ ಹಾಗೆ.

ಹೊರಗೆ ಬಂದು ಮೇಲ್ವಿಚಾರಕನ ಪಕ್ಕ ನಿಂತಳು. ಮುಖದಲ್ಲಿ ಏನೂ ತೋರಿಸಲಿಲ್ಲ.

“ಎಲ್ಲ ಸರಿಯಾಗಿ ಹೇಳಿದ್ರಿ ಅಣ್ಣಾ,” ಎಂದಳು. “ಇನ್ನೊಂದೇ ಒಂದು. ಆ ಕೊಂಡಿ ತೆಗೆಯೋದು ನಮ್ಗೆ ಆಗ್ತಿಲ್ಲ. ಎಡಗಡೇದು ಬಿಗಿಯೋ, ಬಲಗಡೇದು ಬಿಗಿಯೋ?”

ಅವನ ಕಣ್ಣು ಬೋರ್ಡಿನ ಕಡೆ ಹೋಗಲು ನೋಡಿ ವಾಪಸ್ ಬಂತು. “ಎಡಗಡೇದು,” ಎಂದ. “ಅದು ಮೊದ್ಲಿಂದ್ಲೂ ಹಂಗೇ. ಕೈಲಿ ಎರಡು ಏಟು ಹಾಕಿದ್ರೆ ಬಿಚ್ಕೊಳ್ಳುತ್ತೆ.”

“ಹೌದಾ. ಹಾಗಾದ್ರೆ ಈ ಫಾರಂನಲ್ಲಿ ಅದನ್ನ ನಿಮ್ಮ ಕೈಯಲ್ಲೇ ಬರೆದು ಸಹಿ ಹಾಕಿಬಿಡಿ.”

ಅವನು ಬರೆದ. ಅಕ್ಷರ ಮುದ್ದಾಗಿತ್ತು. ಎರಡು ಹಿತ್ತಾಳೆಯ ಕೊಂಡಿ, ಎಡಗಡೆಯದು ಬಿಗಿ. ಮೇಲ್ವಿಚಾರಕ ಆಗಲೇ ಬೀರುವಿನ ಕೀಲಿಗೆ ಕೈ ಚಾಚಿದ್ದ. ಗುರುತಮ್ಮ ಕೀಲಿಯ ಮೇಲೆ ತನ್ನ ಕೈ ಇಟ್ಟಳು.

“ಎಲ್ಲಾ ಹೊಂದುತ್ತಲ್ಲ ಮೇಡಂ,” ಎಂದ ಅವನು ಮೆಲ್ಲಗೆ.

“ಚಿತ್ರಕ್ಕೆ ಹೊಂದುತ್ತೆ ಸಾರ್. ಪೆಟ್ಟಿಗೆಗೆ ಹೊಂದಲ್ಲ.” ಆಮೇಲೆ ಗಂಡಸಿನ ಕಡೆ ತಿರುಗಿ, “ಕೂತ್ಕೊಳ್ಳಿ ಅಣ್ಣಾ. ನಿಮ್ಮ ಅಕ್ಕನಿಗೆ ಜ್ವರ ಬಿಟ್ಟಿರಬೇಕು, ಒಂದೂ ಹತ್ತರ ಗಾಡಿಗೆ ಅವರೇ ಬರ್ತಿದಾರೆ. ಇಬ್ಬರೂ ಜೊತೇಲೇ ತಗೊಂಡು ಹೋಗಬಹುದು,” ಎಂದಳು.

ಅವನು ಗಡಿಯಾರ ನೋಡಿದ. ಅಷ್ಟು ಹೊತ್ತಿದ್ದರೆ ಒಂದು ಚಹಾ ಕುಡಿದು ಬರುತ್ತೇನೆ ಎಂದ. ಅವನ ಆ ಚಹಾ ಇವತ್ತಿನವರೆಗೂ ಮುಗಿದಿಲ್ಲ. ಅವನು ಬರೆದುಕೊಟ್ಟ ಫಾರಂ ಮಾತ್ರ ರೈಲ್ವೆ ಪೊಲೀಸರ ಫೈಲಿಗೆ ಹೋಯಿತು.

ಒಂದೂ ಹತ್ತರ ಗಾಡಿಯಲ್ಲಿ ರಿಪೇರಿಯ ಹೆಂಗಸು ಬಂದಳು. ತಮ್ಮನ ವಿಷಯ ಕೇಳಿ, “ನಮ್ಮಪ್ಪನಿಗೆ ಮೂರೂ ಹೆಣ್ಣು,” ಎಂದಳು. ಅಷ್ಟೇ ಹೇಳಿ ಕೌಂಟರಿನ ಮೇಲೆಯೇ ಶೂ ದಾರ ಬಿಚ್ಚಿ, ಹತ್ತಿಯ ಪದರ ಎತ್ತಿ, ಒಂದೊಂದೇ ಪೊಟ್ಟಣ ಹೊರಗಿಟ್ಟು ಎಣಿಸಿದಳು. ಹತ್ತೊಂಬತ್ತೂ ಇದ್ದವು. ಪ್ರತಿ ಪೊಟ್ಟಣದ ಮೇಲೆ ಒಂದು ಸಾಲು ಬರೆದಿತ್ತು. ಒಂದರ ಮೇಲೆ ‘ಬೇಕರಿ ಅಜ್ಜ, ಸೀಟಿ ಹೊಡೆಯುತ್ತೆ’. ಇನ್ನೊಂದರ ಮೇಲೆ ‘ಟೀಚರ್, ಎಡಕಿವಿ, ಮೊಮ್ಮಗಳ ಮದುವೆಗೆ ಮುಂಚೆ ಬೇಕು’. ಗುರುತಮ್ಮ ಅವನ್ನು ಓದುತ್ತ ನಿಂತಳು. ತನ್ನ ಹಾಗೆಯೇ ಬರೆಯುವ ಇನ್ನೊಬ್ಬಳನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಇಬ್ಬರೂ ಡಬ್ಬಿಯ ಊಟ ಹಂಚಿಕೊಂಡರು.

ಹೆಂಗಸು ಹೋದ ಮೇಲೆ ಗುರುತಮ್ಮ ಹೊರಗೆ ಹೋಗಿ ಬೋರ್ಡಿನ ಮೇಲಿದ್ದ ಹನ್ನೆರಡು ಚಿತ್ರಗಳನ್ನೂ ಕಿತ್ತು ತಂದಳು.

ಮೇಲ್ವಿಚಾರಕನ ಮುಖ ಬಾಡಿತು. “ಇದೇನು ಮೇಡಂ ಮಾಡಿಬಿಟ್ರಿ? ನಾಳೆ ದೊಡ್ಡ ಸಾಹೇಬ್ರು ಈ ಬೋರ್ಡ್ ನೋಡೋಕೇ ಬರ್ತಿರೋದು. ಮೊದಲೇ ಫೋಟೋ ಕಳ್ಸಿದೀನಿ ಅವರಿಗೆ.”

“ತಪ್ಪು ನಂದು ಸಾರ್. ಬೋರ್ಡ್ ನೀವು ಹಾಕ್ಸಿದ್ರಿ, ಆದ್ರೆ ಗುರುತು ಮುಚ್ಚಿಡೋದು ನನ್ನ ಕೆಲಸ. ಅದನ್ನ ನಾನು ಮರೆತೆ. ಚಿತ್ರ ನೋಡಿ ನನಗೂ ಸ್ವಲ್ಪ ತಲೆ ತಿರುಗಿತ್ತು.” ಅವಳು ಹಾಳೆಗಳನ್ನು ಮಡಚಿ ಡ್ರಾಯರಿಗೆ ಹಾಕಿದಳು. “ಚಿತ್ರ ನಮ್ಮವರ ಫೋನಿಗೆ ಮಾತ್ರ ಹೋಗಲಿ. ಹುಡುಕೋರಿಗೆ ಚಿತ್ರ ಬೇಕು, ಕೇಳ್ಕೊಂಡು ಬರೋರಿಗೆ ಬೇಡ. ಇವತ್ತು ಯಂತ್ರ ಒಂದು ತಪ್ಪು ಮಾಡಿದ್ದಕ್ಕೆ ನಾವು ಬಚಾವಾದ್ವಿ. ದಿನಾ ತಪ್ಪು ಮಾಡುತ್ತೆ ಅಂತ ನಂಬ್ಕೊಂಡು ಕೂರೋಕಾಗುತ್ತಾ?”

“ದೊಡ್ಡ ಸಾಹೇಬ್ರಿಗೆ ಖಾಲಿ ಗೋಡೆ ತೋರಿಸ್ಲಾ?”

“ಅವರನ್ನ ನನ್ನ ಹತ್ರ ಬಿಡಿ,” ಎಂದಳು ಗುರುತಮ್ಮ.

ದೊಡ್ಡ ಸಾಹೇಬರು ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಬಂದರು. ಕನ್ನಡಕವನ್ನು ಹಣೆಗೇರಿಸಿಕೊಂಡು ಓಡಾಡುವ ದಪ್ಪನೆಯ ಮನುಷ್ಯ, ಜೊತೆಗೆ ಇಬ್ಬರು. ಖಾಲಿ ಬೋರ್ಡಿನ ಮುಂದೆ ನಿಂತು, “ಇದನ್ನ ನೋಡೋಕಾ ನಾನು ಆರು ಊರು ದಾಟಿ ಬಂದಿದ್ದು?” ಎಂದರು. ಮೇಲ್ವಿಚಾರಕ ತೋಳು ಮಡಚುವುದೋ ಬಿಚ್ಚುವುದೋ ತಿಳಿಯದೆ ನಿಂತ.

“ನಮಸ್ಕಾರ ಸಾರ್, ಬನ್ನಿ, ಕೂತ್ಕೊಳ್ಳಿ,” ಎಂದು ಗುರುತಮ್ಮ ಸ್ಟೂಲು ತೋರಿಸಿದಳು. “ನಿಮ್ಮ ಕೈಚೀಲ ಕಾರಲ್ಲೇ ಬಿಟ್ಟು ಬಂದಿದೀರಿ ಅಲ್ವಾ? ಅದು ಕಳೆದುಹೋಗಿದೆ ಅಂತ ಇಟ್ಕೊಳ್ಳಿ. ನನಗೆ ಹೇಳಿ, ಹುಡುಕಿ ಕೊಡ್ತೀನಿ.”

ಸಾಹೇಬರಿಗೆ ತಮಾಷೆಯೆನಿಸಿತು. ಕೂತರು. “ಕಪ್ಪು ಚರ್ಮದ ಬ್ಯಾಗು,” ಎಂದು ಶುರುಮಾಡಿದರು.

“ಬಣ್ಣ ಆಮೇಲೆ ಸಾರ್. ಯಾವ ಕೈಲಿ ಹಿಡ್ಕೋತೀರಿ?”

ಸಾಹೇಬರ ಎಡಗೈ ಮೇಲೆದ್ದಿತು. ಹತ್ತು ನಿಮಿಷದಲ್ಲಿ ಅವರು ತಮ್ಮ ಬ್ಯಾಗಿನ ಬಗ್ಗೆ ತಮಗೇ ಗೊತ್ತಿಲ್ಲದಷ್ಟು ಹೇಳಿದ್ದರು. ಬೆಲ್ಟಿನ ಮೂರನೇ ತೂತು ಹರಿದು ನಾಲ್ಕನೆಯದಕ್ಕೆ ಸೇರಿಕೊಂಡಿರುವುದು, ತಳದಲ್ಲಿ ಶಾಯಿ ಸೋರಿದ ಕಲೆ, ಕಾಲಿನ ಪಕ್ಕ ಇಟ್ಟರೆ ಬಲಕ್ಕೆ ವಾಲುವುದು. ಗುರುತಮ್ಮ ಕೇಳುತ್ತ ಕೇಳುತ್ತಲೇ ಟೈಪ್ ಮಾಡಿದಳು. ಚಿತ್ರ ಪರದೆಯ ಮೇಲೆ ಬಂದಾಗ ಜೊತೆಗಿದ್ದ ಇಬ್ಬರೂ ಮುಂದೆ ಬಾಗಿದರು. ಕಾರಿನಿಂದ ಬ್ಯಾಗು ತರಿಸಿ ಪಕ್ಕದಲ್ಲಿಟ್ಟರು. ಬೆಲ್ಟು, ಕಲೆ, ವಾಲಿಕೆ, ಎಲ್ಲ ಹಾಗೆಯೇ. ಬ್ಯಾಗು ಮಾತ್ರ ಕಪ್ಪಲ್ಲ, ಕಡು ಕಂದು.

ಸಾಹೇಬರು ಕನ್ನಡಕ ಇಳಿಸಿಕೊಂಡು ನೋಡಿದರು. “ಎಂಟು ವರ್ಷದಿಂದ ಹಿಡ್ಕೊಂಡು ತಿರುಗ್ತಿದೀನಲ್ಲಮ್ಮಾ ಇದನ್ನ.”

“ಎಲ್ಲರೂ ಹಾಗೇ ಸಾರ್. ಈಗ ಈ ಚಿತ್ರ ಗೋಡೆ ಮೇಲೆ ಇದ್ದಿದ್ರೆ, ನಿಮಗಿಂತ ಚೆನ್ನಾಗಿ ನಿಮ್ಮ ಬ್ಯಾಗಿನ ಗುರುತು ಹೇಳಿ ತಗೊಂಡು ಹೋಗೋನು ನಾಳೆ ಬೆಳಿಗ್ಗೆ ಇಲ್ಲಿರ್ತಾನೆ. ನಿನ್ನೆ ಬಂದಿದ್ದ.” ನಡೆದದ್ದನ್ನು ಹೇಳಿದಳು, ತಾನು ಮಾಡಿದ್ದನ್ನೂ ಸೇರಿಸಿ. ಮುಚ್ಚುಮರೆ ಮಾಡಲಿಲ್ಲ. ಆಮೇಲೆ, “ಆದ್ರೂ ಈ ಯಂತ್ರ ತಂದಿದ್ದು ಒಳ್ಳೇ ಕೆಲಸ ಸಾರ್. ನಮ್ಮ ಸಾಹೇಬ್ರು ತಂದ ಮೇಲೇನೇ ನಾನು ಬರ್ಕೊಂಡಿದ್ದು ಬೇರೆಯವರ ಕಣ್ಣಿಗೆ ಬಿದ್ದಿದ್ದು,” ಎಂದು ಮೇಲ್ವಿಚಾರಕನ ಕಡೆ ಕೈ ತೋರಿಸಿದಳು. ಅವನು ಅಂದು ಮೊದಲ ಸಲ ಸರಿಯಾಗಿ ಉಸಿರಾಡಿದ.

ಸಾಹೇಬರು ಜೊತೆಯವರಿಗೆ ಏನೋ ಬರೆದುಕೊಳ್ಳಲು ಹೇಳಿದರು. ಹೊರಡುವಾಗ, “ಉಳಿದ ಸ್ಟೇಷನ್ನುಗಳಲ್ಲಿ ಇರೋರಿಗೆ ಇದನ್ನ ಹೇಳಿಕೊಡ್ತೀರಾ?” ಎಂದು ಕೇಳಿದರು.

“ಯಂತ್ರಕ್ಕೆ ಬರೆಯೋದು ಒಂದು ದಿನದಲ್ಲಿ ಹೇಳಿಕೊಡ್ತೀನಿ ಸಾರ್. ಜನರನ್ನ ಕೇಳೋದು ಹೇಳಿಕೊಡೋಕೆ ಒಂದು ವಾರ ಬೇಕು. ವಾರ ಕೊಟ್ರೆ ಬರ್ತೀನಿ.”

ವಾರ ಸಿಕ್ಕಿತು. ಮುಂದಿನ ತಿಂಗಳು, ದೂರದ ಒಂದು ಜಂಕ್ಷನ್ನಿನ ತರಬೇತಿ ಕೋಣೆಯಲ್ಲಿ ಹದಿನಾಲ್ಕು ಗುಮಾಸ್ತರು ಹದಿನಾಲ್ಕು ಕಂಪ್ಯೂಟರಿನ ಮುಂದೆ ಕೂತರು. ಗುರುತಮ್ಮ ಮೊದಲು ಎಲ್ಲ ಪರದೆಗಳನ್ನೂ ಆರಿಸಲು ಹೇಳಿದಳು. ಇಬ್ಬಿಬ್ಬರು ಎದುರುಬದುರು ಕೂತು, ಒಬ್ಬರು ತಮ್ಮ ಮನೆಯ ಯಾವುದಾದರೂ ಒಂದು ಸಾಮಾನಿನ ಗುರುತು ಹೇಳಬೇಕು, ಇನ್ನೊಬ್ಬರು ಕೇಳಬೇಕು. ಬಣ್ಣ ಕೇಳುವಂತಿಲ್ಲ. ಗಂಡ ಕೊಟ್ಟ ಉಪಾಯವನ್ನೂ ಹೇಳಿಕೊಟ್ಟಳು, ಉಪಾಯ ಯಾರದೆಂದೂ ಹೇಳಿದಳು. ಅದನ್ನು ಫೋನಿನಲ್ಲಿ ತಿಳಿಸಿದಾಗ ಅವನು, “ಹಂಗಾದ್ರೆ ನಂಗೂ ಒಂದು ವಾರ ರಜಾ ಸಂಬಳ ಕೊಡಿಸು,” ಎಂದಿದ್ದ.

ಎರಡನೇ ದಿನ ಕೊನೆಯ ಬೆಂಚಿನಲ್ಲಿ ಕೂತಿದ್ದ ಒಬ್ಬ ಗುಮಾಸ್ತ ಕೈ ಎತ್ತಿದ. ನಿವೃತ್ತಿಗೆ ಎಂಟು ತಿಂಗಳಿದ್ದವನು.

“ನನಗೆ ಬರವಣಿಗೆ ಬರಲ್ಲಮ್ಮಾ. ಮೂವತ್ತು ವರ್ಷ ‘ಕಪ್ಪು ಬ್ಯಾಗ್, ಒಂದು’ ಅಂತಲೇ ಬರೆದಿದೀನಿ.”

“ಬರೀಬೇಡಿ. ನನಗೆ ಹೇಳಿ. ಯಾವ ಸಾಮಾನು?”

“ನಮ್ಮ ಮನೆ ನೀರಿನ ಜಗ್ಗು.”

“ನೀರು ಬಗ್ಗಿಸುವಾಗ ಹೇಗೆ ಹಿಡೀತೀರಿ?”

ಅವನು ಬಲಗೈಯಲ್ಲಿ ಹಿಡಿಯನ್ನೂ ಎಡಗೈಯಲ್ಲಿ ತಳವನ್ನೂ ಹಿಡಿದು ತೋರಿಸಿದ. ಹಿಡಿ ಒಂದು ಕಡೆ ಬಿಟ್ಟಿದೆ, ಒಂದೇ ಕೈಯಲ್ಲಿ ಎತ್ತಿದರೆ ಕಳಚುತ್ತದೆ ಎಂದ. ಮೂತಿಯ ಹತ್ತಿರ ಸೊಟ್ಟಗಾಗಿದೆ, ಅದಕ್ಕೇ ನೀರು ಲೋಟದ ಪಕ್ಕಕ್ಕೆ ಬೀಳುತ್ತದೆ, ಎಲ್ಲರೂ ಲೋಟವನ್ನು ಒಂದು ಬೆರಳಿನಷ್ಟು ಎಡಕ್ಕೆ ಸರಿಸಿ ಇಡುತ್ತಾರೆ. ಹೇಳುತ್ತ ಹೇಳುತ್ತ ಅವನ ದನಿ ಗಟ್ಟಿಯಾಯಿತು. ಅಕ್ಕಪಕ್ಕದವರು ತಿರುಗಿ ಕೂತು ಕೇಳತೊಡಗಿದರು.

“ಈಗ ಹೇಳಿದ್ದನ್ನೇ ಹಾಗಾಗೇ ಟೈಪ್ ಮಾಡಿ,” ಎಂದಳು ಗುರುತಮ್ಮ. “ಒಂದು ಮಾತೂ ಸೇರಿಸ್ಬೇಡಿ, ಬಿಡಬೇಡಿ.”

ಅವನು ಪರದೆ ಹಚ್ಚಿ, ಎರಡು ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದ. ಗುರುತಮ್ಮ ಅವನ ಹಿಂದೆ ಕುರ್ಚಿ ಎಳೆದುಕೊಂಡು ಕೂತಳು. ಅವಳಿಗೆ ಅವಸರವಿರಲಿಲ್ಲ. ವಾರದಲ್ಲಿ ಇನ್ನೂ ಐದು ದಿನ ಬಾಕಿ ಇದ್ದವು.